ಈ ಕಂಪ್ಯೂಟರಿಗೆ ಏನು ಕಮ್ಮಿಯಾಗಿದೆ?

"ಏನಪ್ಪಾ, ಇನ್ನೊಂದು ನಾಲ್ಕು ಜಿಬಿ ರ್‍ಯಾಮ್ ಹಾಕಿಸಿದ್ರೆ ಹನ್ನೊಂದು ಬರುತ್ತಾ?" ಎಂದು ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ಹನ್ನೊಂದು ಅಂದರೆ ವಿಂಡೋಸ್ 11. ತಾಲ್ಲೂಕು ಕಚೇರಿಯ ಎದುರಿಗೆ ಅವರದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲಾ ಅಲ್ಲೇ ಟೈಪ್ ಆಗಬೇಕು. ಅಂಗಡಿಯ ಕಂಪ್ಯೂಟರ್ ಕೈಕೊಟ್ಟರೆ ಅವತ್ತಿನ ಸಂಪಾದನೆ ಹೋಯಿತು. ಹಾಗಾಗಿ ಅಕ್ಕ ಕಂಪ್ಯೂಟರಿನ ವಿಷಯ ಎತ್ತಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ಕೇಳುತ್ತೇನೆ.

ನನ್ನ ಹತ್ತಿರ ಬರುವ ಮೊದಲೇ ಅವರು ಊರೆಲ್ಲಾ ವಿಚಾರಿಸಿ ಆಗಿತ್ತು. ರಿಪೇರಿ ಅಂಗಡಿಯವನು "ರ್‍ಯಾಮ್ ಸಾಲಲ್ಲ ಮೇಡಂ, ಎಂಟು ಜಿಬಿ ಮಾಡಿಸಿ" ಅಂದ. ಇನ್ನೊಬ್ಬ "ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಗುತ್ತೆ" ಅಂದ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಫೋನಿನಲ್ಲಿ "ಅತ್ತೆ, ಅದರಲ್ಲಿ ಟಿಪಿಎಂ ಇರಲ್ಲ ಅನ್ಸುತ್ತೆ" ಅಂದ. ಮತ್ತೊಬ್ಬ ಮಹಾಶಯ "ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂದುಬಿಟ್ಟ. ಹೀಗೆ ಉತ್ತರ ಕೊಟ್ಟವರಲ್ಲಿ ಒಬ್ಬರಾದರೂ "ಯಾವ ಪ್ರೊಸೆಸರ್ ಅಕ್ಕ, ಅದರ ಪೂರ್ತಿ ನಂಬರ್ ಓದಿ ಹೇಳಿ" ಎಂದು ಕೇಳಿರಲಿಲ್ಲ. ನನಗೆ ಬೇಸರವಾದದ್ದು ಅದಕ್ಕೆ. ದುಡ್ಡು ಖರ್ಚು ಮಾಡಿಸುವ ಸಲಹೆ ಎಲ್ಲರ ಬಾಯಲ್ಲೂ ಇತ್ತು, ಕಾಯಿಲೆ ಏನೆಂದು ನೋಡುವ ಸಹನೆ ಯಾರಿಗೂ ಇರಲಿಲ್ಲ.

ಮೊದಲು ಅವರ ಗಾಬರಿಯನ್ನು ಇಳಿಸಬೇಕಿತ್ತು. ವಿಂಡೋಸ್ 10ರ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ಅವತ್ತೇ ಯಾರ ಕಂಪ್ಯೂಟರೂ ನಿಂತುಹೋಗಲಿಲ್ಲ. ಮಾರನೆಯ ದಿನವೂ ಎಂದಿನಂತೆ ಆನ್ ಆಯಿತು, ಪ್ರಿಂಟ್ ಕೊಟ್ಟಿತು. ನಿಂತದ್ದು ತಿಂಗಳು ತಿಂಗಳು ಬರುತ್ತಿದ್ದ ಭದ್ರತೆಯ ಅಪ್‌ಡೇಟು. ಕಳ್ಳರು ನುಗ್ಗಬಹುದಾದ ಹೊಸ ಸಂದು ಕಂಡರೆ ಅದನ್ನು ಮುಚ್ಚಿಕೊಡುವ ಕೆಲಸ ಆ ಅಪ್‌ಡೇಟಿನದು. ಮನೆಯ ಮೂಲೆಯಲ್ಲಿ ಇಂಟರ್‌ನೆಟ್ ಇಲ್ಲದೆ ಕೂತ ಕಂಪ್ಯೂಟರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ಅಕ್ಕನ ಅಂಗಡಿಯ ಕಥೆ ಬೇರೆ. ಅಲ್ಲಿಗೆ ಬಂದವರೆಲ್ಲ ತಮ್ಮ ಪೆನ್‌ಡ್ರೈವ್ ಚುಚ್ಚುತ್ತಾರೆ, ಆಧಾರ್ ಕಾರ್ಡು, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು ಬಿಟ್ಟು ಹೋಗುತ್ತಾರೆ. ಆ ಕಂಪ್ಯೂಟರ್ ಸುರಕ್ಷಿತವಾಗಿರುವುದು ಅಕ್ಕನಿಗಷ್ಟೇ ಅಲ್ಲ, ಊರಿಗೇ ಬೇಕಾದ ವಿಷಯ.

"ಸರಿ, ಹನ್ನೊಂದಕ್ಕೆ ಏನೇನು ಬೇಕಂತೆ ಹೇಳು" ಅಂದರು.

ಮೈಕ್ರೋಸಾಫ್ಟ್ ಪ್ರಕಟಿಸಿದ ಪಟ್ಟಿ ನೋಡಲು ತೀರಾ ಸುಲಭ. ಪ್ರೊಸೆಸರ್ 64 ಬಿಟ್‌ನದಾಗಿರಬೇಕು, 1 ಗಿಗಾಹರ್ಟ್ಸ್ ವೇಗ, ಎರಡು ಕೋರ್ ಇದ್ದರೆ ಸಾಕು. ರ್‍ಯಾಮ್ 4 ಜಿಬಿ. ಡಿಸ್ಕಿನಲ್ಲಿ 64 ಜಿಬಿ. ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ. ಟಿಪಿಎಂ 2.0 ಎಂಬ ಭದ್ರತೆಯ ಸೌಲಭ್ಯ. ಡೈರೆಕ್ಟ್‌ಎಕ್ಸ್ 12ಕ್ಕೆ ಹೊಂದುವ ಗ್ರಾಫಿಕ್ಸ್. ಅಕ್ಕನ ಅಂಗಡಿಯಲ್ಲಿರುವುದು 2017ರಲ್ಲಿ ಕೊಂಡ ಕಂಪನಿ ಡೆಸ್ಕ್‌ಟಾಪ್. ಐ5-7400 ಪ್ರೊಸೆಸರ್, 3 ಗಿಗಾಹರ್ಟ್ಸ್, ನಾಲ್ಕು ಕೋರ್, 4 ಜಿಬಿ ರ್‍ಯಾಮ್. ಪಟ್ಟಿಯ ಪಕ್ಕ ಅದನ್ನಿಟ್ಟು ನೋಡಿದರೆ ಯಾವ ಸಾಲಿನಲ್ಲೂ ನಪಾಸಾಗುವ ಹಾಗೆ ಕಾಣುವುದಿಲ್ಲ. ಕೇಳಿದ್ದಕ್ಕಿಂತ ಮೂರು ಪಟ್ಟು ವೇಗ, ಎರಡು ಪಟ್ಟು ಕೋರು. ಆದರೂ ತೆರೆಯ ಮೇಲೆ "ಈ ಪಿಸಿ ಅರ್ಹವಲ್ಲ" ಎಂಬ ಸಂದೇಶ.

ಅಸಲಿ ಗೇಟು ಆ ಮೊದಲ ಸಾಲಿನ ಒಳಗೇ ಅಡಗಿದೆ. ವೇಗ, ಕೋರು ಹೇಳಿದ ಮೇಲೆ, ಪ್ರೊಸೆಸರ್ ಹೊಂದಿಕೆಯಾಗುವಂಥದ್ದಾಗಿರಬೇಕು ಎಂಬ ಮಾತೂ ಅಲ್ಲಿದೆ. ಯಾವುದು ಹೊಂದುತ್ತದೆ ಎನ್ನುವುದಕ್ಕೆ ಬೇರೆಯೇ ಪಟ್ಟಿ. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಆಚೆಗೆ. ಎಎಂಡಿ ಆದರೆ ರೈಜನ್ 2000 ಸಾಲಿನಿಂದ ಆಚೆಗೆ, ಅದರಲ್ಲೂ ಮಾಡೆಲ್ ನಂಬರ್ ಹಿಡಿದು ನೋಡಿಯೇ ಖಚಿತ ಮಾಡಿಕೊಳ್ಳಬೇಕು. ಅಕ್ಕನದು ಏಳನೇ ತಲೆಮಾರು. ಇಷ್ಟೇ ಕಾರಣ. ರ್‍ಯಾಮ್ ಎಂಟಲ್ಲ, ಮೂವತ್ತೆರಡು ಜಿಬಿ ಹಾಕಿಸಿದರೂ ಆ ಉತ್ತರ ಬದಲಾಗುತ್ತಿರಲಿಲ್ಲ.

"ಅಲ್ಲಾ, ನನ್ನದು ಐ5. ತಮ್ಮನ ಹತ್ರ ಐ3 ಇದೆ, ಅವನದಕ್ಕೆ ಬಂತಲ್ಲ?"

ಐ3, ಐ5, ಐ7 ಎಂಬುದು ಒಂದೇ ತಲೆಮಾರಿನೊಳಗಿನ ಅಂತಸ್ತು. ತಲೆಮಾರು ಇರುವುದು ಅಡ್ಡಗೆರೆಯ ನಂತರದ ಅಂಕೆಯಲ್ಲಿ. ಐ5-7400 ಅಂದರೆ ಏಳು, ಐ3-8130ಯು ಅಂದರೆ ಎಂಟು, ಐ5-10210ಯು ಅಂದರೆ ಹತ್ತು. ಅದೂ ಎಲ್ಲಾ ಕಡೆ ಒಂದೇ ರೀತಿ ಇದ್ದಿದ್ದರೆ ಚೆನ್ನಾಗಿತ್ತು. ಐ5-1135ಜಿ7 ಎಂದಿದ್ದರೆ ಅದು ಒಂದನೇ ತಲೆಮಾರಲ್ಲ, ಹನ್ನೊಂದನೆಯದು. ನಿಜವಾದ ಒಂದನೇ ತಲೆಮಾರಿನವಕ್ಕೆ ಐ5-750, ಐ7-860 ಎಂಬಂಥ ಮೂರೇ ಅಂಕೆ. ಐ7 ಎಂದರೆ ಏಳನೇ ತಲೆಮಾರು ಎಂದು ನಂಬಿದ ಎಷ್ಟೋ ಮಂದಿಯನ್ನು ನಾನು ಕಂಡಿದ್ದೇನೆ, ಮಾರುವ ಅಂಗಡಿಯವರನ್ನೂ ಸೇರಿಸಿ. ಬಿಲ್ಲಿನಲ್ಲಿ "ಐ5 ಕಂಪ್ಯೂಟರ್, 4 ಜಿಬಿ, 1 ಟಿಬಿ" ಎಂದು ಬರೆದುಕೊಟ್ಟರೆ ಮುಗಿಯಿತು. ಆ ಅಡ್ಡಗೆರೆಯ ಮುಂದಿನ ನಂಬರನ್ನು ಯಾರೂ ಬರೆಯುವುದಿಲ್ಲ. ಅಪ್‌ಗ್ರೇಡಿನ ದಿನ ಬಂದಾಗ ಬೇಕಾಗುವುದು ಅದೊಂದೇ. ಸೆಟಿಂಗ್ಸ್‌ಗೆ ಹೋಗಿ, ಸಿಸ್ಟಂ ಒತ್ತಿ, ಕೊನೆಯಲ್ಲಿ ಅಬೌಟ್ ನೋಡಿದರೆ ಪ್ರೊಸೆಸರ್ ಎಂಬ ಸಾಲಿನಲ್ಲಿ ಆ ಪೂರ್ತಿ ನಂಬರ್ ಸಿಗುತ್ತದೆ. ಕಾಗದದ ಮೇಲೆ ಬರೆದು ಕಂಪ್ಯೂಟರಿನ ಮಗ್ಗುಲಿಗೆ ಅಂಟಿಸಿ ಎಂದು ಅಕ್ಕನಿಗೆ ಹೇಳಿದೆ.

ಅವರ ಮನೆಯಲ್ಲಿ ಕಂಪ್ಯೂಟರ್ ಒಂದೇ ಅಲ್ಲ. ಕೊರೊನಾ ಕಾಲದಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆಂದು ತಂದ ಲ್ಯಾಪ್‌ಟಾಪ್ ಇದೆ. ಸೆಲೆರಾನ್ ಎನ್4020, 1.1 ಗಿಗಾಹರ್ಟ್ಸ್, ಎರಡು ಕೋರ್, 4 ಜಿಬಿ ರ್‍ಯಾಮ್, ಹಳೆಯ ಬಗೆಯ ಹಾರ್ಡ್ ಡಿಸ್ಕ್. ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ಅದಕ್ಕೆ ಮಾತ್ರ ವಿಂಡೋಸ್ 11 ಸಲೀಸಾಗಿ ಬಂದು ಕೂತಿದೆ, ಏಕೆಂದರೆ ಆ ಪ್ರೊಸೆಸರಿನ ಹೆಸರು ಪಟ್ಟಿಯಲ್ಲಿದೆ. ದಿನವಿಡೀ ಲಗ್ನಪತ್ರಿಕೆ ಮಾಡುವ ಗಟ್ಟಿ ಡೆಸ್ಕ್‌ಟಾಪಿಗೆ ಇಲ್ಲ, ಹುಡುಗಿ ಬೈದುಕೊಂಡು ಬಳಸುವ ಲ್ಯಾಪ್‌ಟಾಪಿಗೆ ಹೌದು. ಅಕ್ಕನ ತಲೆ ಕೆಟ್ಟದ್ದು ಇಲ್ಲಿಯೇ. ತಪ್ಪು ಅವರದಲ್ಲ. ಪಟ್ಟಿ ಅಳೆಯುತ್ತಿರುವುದು ಕಂಪ್ಯೂಟರಿನ ಶಕ್ತಿಯನ್ನಲ್ಲ. ಅದು ಯಾವ ಕಾಲದ್ದು, ಭದ್ರತೆಗೆಂದು ಒಳಗೆ ಏನೇನಿದೆ ಎಂಬುದನ್ನು. ಈ ಒಂದು ಮಾತನ್ನು ಮೊದಲೇ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದ್ದರೆ ಅರ್ಧ ಗೊಂದಲ ಹುಟ್ಟುತ್ತಲೇ ಇರಲಿಲ್ಲ.

ಇನ್ನೂ ಒಂದು ಕಾರಣವಿದೆ, ಅದು ನಮ್ಮ ಅಭ್ಯಾಸಕ್ಕೆ ಸಂಬಂಧಿಸಿದ್ದು. 2001ರಲ್ಲಿ ಬಂದ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ್‍ಯಾಮ್ ಸಾಕಿತ್ತು. 2009ರ ವಿಂಡೋಸ್ 7ಕ್ಕೆ 1 ಗಿಗಾಹರ್ಟ್ಸ್, 64 ಬಿಟ್ ಆದರೆ 2 ಜಿಬಿ ರ್‍ಯಾಮ್. ವಿಂಡೋಸ್ 8ಕ್ಕೂ ಹೆಚ್ಚುಕಮ್ಮಿ ಅದೇ. 2015ರ ಜುಲೈ 29ಕ್ಕೆ ಬಂದ ವಿಂಡೋಸ್ 10ಕ್ಕೂ ಅದೇ. ಒಂದು ವರ್ಷ ಅದನ್ನು ಪುಕ್ಕಟೆಯಾಗಿ ಬೇರೆ ಕೊಟ್ಟರು. ಏಳು ಇದ್ದ ಕಂಪ್ಯೂಟರಿಗೆ ಹತ್ತು ಹಾಕಿಸಿಕೊಂಡವರು ಲೆಕ್ಕವಿಲ್ಲದಷ್ಟು. ವಿಂಡೋಸ್‌ನಲ್ಲಿ ಇದೇ ಕೊನೆಯ ಆವೃತ್ತಿ ಎಂದು ಕಂಪನಿಯವರೊಬ್ಬರು ಆ ವರ್ಷ ವೇದಿಕೆಯ ಮೇಲೆ ಹೇಳಿದ್ದೂ ಸುದ್ದಿಯಾಗಿತ್ತು. ಹೀಗೆ ಹನ್ನೆರಡು ವರ್ಷದಲ್ಲಿ ಜನರಲ್ಲಿ ಒಂದು ನಂಬಿಕೆ ಬಲಿಯಿತು: ಯಂತ್ರ ಓಡುತ್ತಿದ್ದರೆ ಹೊಸ ವಿಂಡೋಸ್ ಬರುತ್ತದೆ, ನಿಧಾನವಾದರೆ ರ್‍ಯಾಮ್ ಹಾಕಿಸಿದರಾಯಿತು. 2021ರ ಜೂನ್ 24ಕ್ಕೆ ವಿಂಡೋಸ್ 11 ಘೋಷಣೆಯಾದಾಗ ಆ ನಂಬಿಕೆ ಒಂದೇ ಏಟಿಗೆ ಮುರಿಯಿತು. ನಾಲ್ಕು ವರ್ಷ ಹಳೆಯ ಯಂತ್ರಗಳೂ ಹೊರಗುಳಿದವು.

ಆ ಮೊದಲ ವಾರಗಳನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಪರೀಕ್ಷಿಸಿ ನೋಡಿಕೊಳ್ಳಿ ಎಂದು ಪಿಸಿ ಹೆಲ್ತ್ ಚೆಕ್ ಎಂಬ ಆ್ಯಪ್ ಕೊಟ್ಟರು. ಅದು "ನಿಮ್ಮ ಪಿಸಿಯಲ್ಲಿ ವಿಂಡೋಸ್ 11 ನಡೆಯುವುದಿಲ್ಲ" ಎಂದಷ್ಟೇ ಹೇಳುತ್ತಿತ್ತು, ಏಕೆ ಎಂದು ಹೇಳುತ್ತಿರಲಿಲ್ಲ. ಕಂಪನಿಯದೇ ದಾಖಲೆಯೊಂದರಲ್ಲಿ ಟಿಪಿಎಂ 1.2 ಇದ್ದರೂ ನಡೆಯುತ್ತದೆ, 2.0 ಇದ್ದರೆ ಒಳ್ಳೆಯದು ಎಂಬರ್ಥ ಬರುವ ಹಾಗಿತ್ತು. ಆಮೇಲೆ ಅದನ್ನು ತಿದ್ದಿ 2.0 ಕಡ್ಡಾಯ ಎಂದರು. ಜನ ಟಿಪಿಎಂ ಮಾಡ್ಯೂಲ್ ಹುಡುಕಿಕೊಂಡು ಅಂಗಡಿಗೆ ಓಡಿದರು, ಅದರ ಬೆಲೆ ಏರಿಬಿಟ್ಟಿತು. ಹಾಗೆ ಕೊಂಡವರಲ್ಲಿ ಎಷ್ಟೋ ಮಂದಿಯ ಪ್ರೊಸೆಸರಿನ ಒಳಗೇ ಆ ಸೌಲಭ್ಯ ಇತ್ತು, ವಿಂಡೋಸ್ ಏಳುವ ಮೊದಲೇ ತೆರೆಯಬೇಕಾದ ಬಯೋಸ್ ಎಂಬ ಸೆಟಿಂಗಿನಲ್ಲಿ ಆಫ್ ಆಗಿತ್ತು ಅಷ್ಟೇ. ಟೀಕೆ ಹೆಚ್ಚಾದ ಮೇಲೆ ಆ್ಯಪನ್ನು ಜೂನ್ ಕೊನೆಯಲ್ಲೇ ವಾಪಸ್ ತೆಗೆದುಕೊಂಡರು. ಕಾರಣ ಹೇಳುವ ಆ್ಯಪ್ ಸೆಪ್ಟೆಂಬರಿನಲ್ಲಿ ಬಂತು. ಅಷ್ಟು ಹೊತ್ತಿಗೆ ಎಷ್ಟು ಜನ ಸುಮ್ಮನೆ ಹೊಸ ಯಂತ್ರ ಕೊಂಡಿದ್ದರೋ. ಒಬ್ಬರ ಆಸ್ತಿಯನ್ನು ನಿರಾಕರಿಸುವಾಗ ಕಾರಣವನ್ನು ಮೊದಲ ದಿನವೇ, ಮೊದಲ ಸಾಲಿನಲ್ಲೇ ಹೇಳಬೇಕು.

ಕಂಪನಿಯ ಮಾತಿನಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಟಿಪಿಎಂ ಒಳ್ಳೆಯ ವಸ್ತು. ಬೀರುವಿನೊಳಗೆ ಬೇರೆ ಬೀಗದ ಸಣ್ಣ ಖಾನೆ ಇರುತ್ತದಲ್ಲ, ಅಂಥದ್ದು; ಡಿಸ್ಕಿನ ಗುಪ್ತ ಬೀಗದ ಕೈ ಅದರೊಳಗೆ ಕೂತಿರುತ್ತದೆ, ಕಂಪ್ಯೂಟರಿಗೆ ವೈರಸ್ ಹೊಕ್ಕರೂ ಅದನ್ನು ಕದಿಯುವುದು ಕಷ್ಟ. ಸೆಕ್ಯೂರ್ ಬೂಟ್ ಇದ್ದರೆ ವಿಂಡೋಸ್ ಎದ್ದೇಳುವ ಮೊದಲೇ ನುಸುಳುವ ಕಳ್ಳ ಪ್ರೋಗ್ರಾಮಿಗೆ ಅಡ್ಡಿ. ಇವೆರಡೂ ಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಪರೀಕ್ಷೆಯ ಹಂತದಲ್ಲಿ ಅರ್ಹವಲ್ಲದ ಯಂತ್ರಗಳು ಒಳಗಿನ ದೋಷದಿಂದ ಕುಸಿದದ್ದು ಶೇ 52ರಷ್ಟು ಹೆಚ್ಚು ಎಂದು ಮೈಕ್ರೋಸಾಫ್ಟ್ 2021ರ ಆಗಸ್ಟಿನಲ್ಲಿ ಹೇಳಿತು. ಅದು ಎಲ್ಲಾ ಅನರ್ಹ ಯಂತ್ರಗಳನ್ನು ಒಟ್ಟು ಹಾಕಿದ ಲೆಕ್ಕ. ಏಳನೇ ತಲೆಮಾರಿನದಕ್ಕೂ ಮೂರನೆಯದಕ್ಕೂ ಅದು ವ್ಯತ್ಯಾಸ ತೋರಿಸುವುದಿಲ್ಲ. ಅದೇ ಹೊತ್ತಿಗೆ ಏಳನೇ ತಲೆಮಾರಿನ ಕೆಲವು ಪ್ರೊಸೆಸರುಗಳನ್ನು ಪಟ್ಟಿಗೆ ಸೇರಿಸಿದರು. ಅದರಲ್ಲಿ ಐ7-7820ಎಚ್‌ಕ್ಯೂ ಒಂದು, ಅದೂ ಆಯ್ದ ಯಂತ್ರಗಳಲ್ಲಿದ್ದರೆ ಮಾತ್ರ. ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು ಆ ಪ್ರೊಸೆಸರೇ. ಅದಕ್ಕೆ ಸಿಕ್ಕ ರಿಯಾಯಿತಿ ಅಕ್ಕನ ಐ5-7400ಕ್ಕೆ ಏಕಿಲ್ಲ ಎಂದು ಕೇಳಿದರೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ.

"ಹಿಂದೆ ವಿಸ್ಟಾ ಅಂತ ಒಂದು ಬಂದಿತ್ತಲ್ಲ, ಆಗಲೂ ಹೀಗೇ ಆಗಿತ್ತು" ಎಂದು ಅಕ್ಕನೇ ನೆನಪಿಸಿದರು. ಸರಿಯಾಗಿಯೇ ನೆನಪಿಟ್ಟಿದ್ದಾರೆ. ಆಗ ಆದದ್ದು ಇದರ ಉಲ್ಟಾ. ವಿಸ್ಟಾ ಅಂಗಡಿಗೆ ಬಂದದ್ದು 2007ರ ಜನವರಿ 30ಕ್ಕೆ. ಅದಕ್ಕೂ ಮೊದಲೇ, 2006ರಲ್ಲಿ, ಎಕ್ಸ್‌ಪಿ ಕಂಪ್ಯೂಟರುಗಳ ಮೇಲೆ "ವಿಸ್ಟಾ ಕೇಪಬಲ್" ಎಂಬ ಸ್ಟಿಕ್ಕರ್ ಅಂಟಿಸಿ ಮಾರಿದರು. 512 ಎಂಬಿ ರ್‍ಯಾಮ್ ಇದ್ದರೂ ಆ ಸ್ಟಿಕ್ಕರ್ ಸಿಗುತ್ತಿತ್ತು. ಮನೆಗೆ ತಂದು ವಿಸ್ಟಾ ಹಾಕಿದರೆ ಜಾಹೀರಾತಿನಲ್ಲಿ ಕಂಡ ಗಾಜಿನಂಥ ಕಿಟಕಿಗಳು ಬರುತ್ತಿರಲಿಲ್ಲ. ಅವು ಬೇಕಿದ್ದರೆ "ಪ್ರೀಮಿಯಂ ರೆಡಿ" ಎಂಬ ಬೇರೆ ದರ್ಜೆಯ ಯಂತ್ರ, 1 ಜಿಬಿ ರ್‍ಯಾಮ್, ಒಳ್ಳೆಯ ಗ್ರಾಫಿಕ್ಸ್ ಬೇಕಿತ್ತು. ಕೊಂಡವರು ಅಮೆರಿಕದ ಸಿಯಾಟಲ್‌ನಲ್ಲಿ ಕೇಸು ಹಾಕಿದರು. ಕೋರ್ಟಿನಲ್ಲಿ ಕಂಪನಿಯ ಒಳಗಿನ ಮೇಲ್‌ಗಳು ಹೊರಬಿದ್ದವು. ಇಂಟೆಲ್‌ನ 915 ಚಿಪ್‌ಸೆಟ್ ಇದ್ದ ಯಂತ್ರಗಳಿಗೂ ಸ್ಟಿಕ್ಕರ್ ಸಿಗಲೆಂದು ನಿಯಮ ಸಡಿಲಿಸಿದ್ದು ಗೊತ್ತಾಯಿತು. ಕಂಪನಿಯ ಉಪಾಧ್ಯಕ್ಷರೊಬ್ಬರೇ ಸ್ಟಿಕ್ಕರ್ ನಂಬಿ ಲ್ಯಾಪ್‌ಟಾಪ್ ಕೊಂಡು, 2,100 ಡಾಲರಿನ ಯಂತ್ರ ಮೇಲ್ ನೋಡುವುದಕ್ಕಷ್ಟೇ ಆಯಿತೆಂದು ಬರೆದುಕೊಂಡಿದ್ದರು. ಒಟ್ಟಾಗಿ ಹೂಡಿದ ದಾವೆ ಎಂಬ ಮಾನ್ಯತೆಯನ್ನು 2009ರಲ್ಲಿ ಕೋರ್ಟ್ ತೆಗೆದುಹಾಕಿದ್ದರಿಂದ ಜನರಿಗೆ ದೊಡ್ಡ ಪರಿಹಾರವೇನೂ ಸಿಗಲಿಲ್ಲ. ಅಂದು ಓಡದ ಯಂತ್ರಕ್ಕೆ ಓಡುತ್ತದೆ ಎಂದರು, ಇಂದು ಓಡುವ ಯಂತ್ರಕ್ಕೆ ಆಗದು ಎನ್ನುತ್ತಾರೆ. ಎರಡೂ ಸಲ ಕೈಯಿಂದ ದುಡ್ಡು ಹಾಕಿದವರು ಮನೆಯವರೇ.

ಮಗಳ ಲ್ಯಾಪ್‌ಟಾಪಿಗೂ ವಿಸ್ಟಾ ಕಾಲದ ಈ ಪಾಠ ಹೊಂದುತ್ತದೆ. 4 ಜಿಬಿ ಕನಿಷ್ಠ ಎಂದರೆ ವಿಂಡೋಸ್ ಎದ್ದು ನಿಲ್ಲುವುದಕ್ಕೆ ಸಾಕು ಎಂದಷ್ಟೇ. ಬ್ರೌಸರ್, ವರ್ಡ್, ಒಂದು ವಿಡಿಯೊ ಕರೆ ಜೊತೆಗೆ ನಡೆಯಬೇಕಾದರೆ 8 ಜಿಬಿ ಬೇಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಒಳ್ಳೆಯದು. ಎಸ್‌ಎಸ್‌ಡಿ ಬೇಕೆಂದು ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲ, ಆದರೆ ದಿನನಿತ್ಯ ಬಳಸುವವರಿಗೆ ಅದರಷ್ಟು ವ್ಯತ್ಯಾಸ ತೋರುವುದು ಬೇರೊಂದಿಲ್ಲ. ಆ ಬಗೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಹೆಚ್ಚಿಸಲು ಬರುವುದಿಲ್ಲ. ಬಿಚ್ಚಿ ನೋಡಿಸಿದ ಮೇಲೆ ದುಡ್ಡು ಕೊಡಿ ಎಂದೆ.

ಇನ್ನು ಅಕ್ಕನ ತಮ್ಮನ ಮಗನದೊಂದು ಅಸೆಂಬಲ್ಡ್ ಕಂಪ್ಯೂಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು, ಐ5-9400. ಒಂಬತ್ತನೇ ತಲೆಮಾರು, ಪಟ್ಟಿಯೊಳಗೇ ಇದೆ. ಅದಕ್ಕೂ "ಅರ್ಹವಲ್ಲ" ಎಂದೇ ಬರುತ್ತಿತ್ತು. ನಿಜವಾಗಿ ಕೈಹಾಕಬೇಕಾದ ಜಾಗ ಇದು, ಏಕೆಂದರೆ ಇಲ್ಲಿ ಒಂದು ಪೈಸೆ ಖರ್ಚಿಲ್ಲದೆ ಕೆಲಸ ಆಗುತ್ತದೆ. 2016ರ ಜುಲೈ ಕೊನೆಯಿಂದ ಈಚೆಗೆ ವಿಂಡೋಸ್ 10 ಹಾಕಿ ಮಾರುವ ಹೊಸ ಮಾಡೆಲ್‌ಗಳಲ್ಲಿ ಟಿಪಿಎಂ 2.0 ಇರಬೇಕು, ಆನ್ ಆಗಿರಬೇಕು ಎಂದು ಮೈಕ್ರೋಸಾಫ್ಟ್ ತಯಾರಕರಿಗೆ ಕಡ್ಡಾಯ ಮಾಡಿತ್ತು. ಅಕ್ಕನ ಡೆಸ್ಕ್‌ಟಾಪಿನಲ್ಲಿ ಟಿಪಿಎಂ ಇರಲ್ಲ ಎಂದು ಬೆಂಗಳೂರಿನ ಅಣ್ಣನ ಮಗ ಹೇಳಿದ್ದನ್ನು ಅದಕ್ಕೇ ನಾನು ನಂಬಲಿಲ್ಲ. ಬಿಡಿಯಾಗಿ ಕೊಂಡ ಮದರ್‌ಬೋರ್ಡಿಗೆ ಆ ಕಟ್ಟಳೆ ಇರಲಿಲ್ಲ, ಆ ಹುಡುಗನದರಲ್ಲಿ ಟಿಪಿಎಂ ಆಫ್ ಆಗಿತ್ತು. ಇಂಟೆಲ್ ಬೋರ್ಡಿನ ಬಯೋಸಿನಲ್ಲಿ ಟಿಪಿಎಂನ ಹೆಸರು ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ. ಟಿಪಿಎಂ ಎಂಬ ಹೆಸರು ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದು ಎಚ್ಚರವಾಗಿದೆಯೋ, ಯಾವ ಆವೃತ್ತಿಯೋ ತಿಳಿಯುತ್ತದೆ.

ಟಿಪಿಎಂ ಆನ್ ಮಾಡಿದರೂ ಆ ಹುಡುಗನದಕ್ಕೆ ಸೆಕ್ಯೂರ್ ಬೂಟ್ ಬಾಕಿ ಉಳಿಯಿತು. ವಿಂಡೋಸ್ ಹಾಕುವಾಗ ಯಾರೋ ಹಳೆಯ ಲೆಗಸಿ ಬಗೆಯಲ್ಲಿ, ಡಿಸ್ಕನ್ನು ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ವಿಭಾಗಿಸಿ ಹಾಕಿದ್ದರು. ಬಯೋಸಿಗೆ ಹೋಗಿ ಲೆಗಸಿಯನ್ನು ಯುಇಎಫ್‌ಐಗೆ ಬದಲಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೊದಲು ಡಿಸ್ಕನ್ನು ಜಿಪಿಟಿ ಪದ್ಧತಿಗೆ ಬದಲಿಸಬೇಕು, ಆಮೇಲೆ ಬಯೋಸ್. ಉಲ್ಟಾ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ, ಕಂಪ್ಯೂಟರ್ ಸತ್ತಿತು ಎಂದು ಮನೆಯವರು ಗಾಬರಿಯಾಗುತ್ತಾರೆ. ಡಿಸ್ಕ್ ಬದಲಿಸಲು ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ, ಒಳಗಿನ ಫೈಲುಗಳನ್ನು ಅಳಿಸದೆ ಬದಲಿಸುತ್ತದೆ. ಆದರೆ ನಮ್ಮ ಕಡೆ ಒಂದು ರೂಢಿ ಇದೆ: ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ನಾಲ್ಕಾರು ಭಾಗ ಮಾಡಿಕೊಡುವುದು. ಆ ಭಾಗಗಳು ಎಕ್ಸ್‌ಟೆಂಡೆಡ್ ಬಗೆಯವಾದರೆ ಈ ಸಾಧನ ಒಪ್ಪುವುದಿಲ್ಲ. ಆ ಹುಡುಗನಿಗೆ ಆದದ್ದು ಹಾಗೆಯೇ. ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತೆಗೆದಿಟ್ಟು ಹೊಸದಾಗಿ ಹಾಕಬೇಕಾಯಿತು. ತೊಂದರೆಯ ಕೆಲಸ ನಿಜ; ಆದರೂ ಹೊಸ ಕಂಪ್ಯೂಟರಿನ ಖರ್ಚು ಉಳಿಯಿತು.

ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್ ವಿಷಯವನ್ನು ಎಲ್ಲರಿಗೂ ಒತ್ತಿ ಹೇಳಬೇಕು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದಂತೆಯೇ ಡಿಸ್ಕಿಗೆ ಈ ಬೀಗ ಬಿದ್ದಿರಬಹುದು. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಿಸಿದ ಕೂಡಲೇ ಅದು 48 ಅಂಕೆಯ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲವಾದರೆ ಒಳಗಿನ ಫೋಟೋ, ದಾಖಲೆ ಯಾರಿಂದಲೂ ವಾಪಸ್ ಬರುವುದಿಲ್ಲ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲು ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ, ಆಮೇಲೆ ಮುಂದಿನ ಮಾತು.

"ಹಾಗಾದ್ರೆ ನನ್ನ ಅಂಗಡಿದು ಏನಪ್ಪಾ ಮಾಡ್ಲಿ?"

ಈಗ ಮಾಡಬೇಕಾದ್ದು ಇಎಸ್‌ಯು. ವಿಂಡೋಸ್ 10ಕ್ಕೆ ಬೆಂಬಲ ಮುಗಿದ ಮೇಲೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ಅಪ್‌ಡೇಟ್ ಸಿಗುವ ಏರ್ಪಾಡು. ಮೈಕ್ರೋಸಾಫ್ಟ್ ಖಾತೆಗೆ ಸೆಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಪುಕ್ಕಟೆ, ಇಲ್ಲವೆಂದರೆ 1,000 ರಿವಾರ್ಡ್ಸ್ ಪಾಯಿಂಟು, ಅದೂ ಬೇಡವೆಂದರೆ 30 ಡಾಲರ್. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಬರುತ್ತದೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರಿನವರೆಗೂ ಬರುತ್ತದೆ ಎಂದು ಕೇಳಿ ಸುಮ್ಮನೆ ಕೂರಬಾರದು. ಅದು ಗೊತ್ತಿರುವ ವೈರಸ್ಸನ್ನು ಹಿಡಿಯುತ್ತದೆ, ವಿಂಡೋಸ್‌ನ ಒಳಗಿನ ಸಂದುಗಳನ್ನು ಮುಚ್ಚುವುದಿಲ್ಲ.

ರಿಪೇರಿಯವನು "ಬೈಪಾಸ್ ಮಾಡಿ ಹಾಕಿಕೊಡ್ತೀನಿ" ಎಂದನಂತೆ. ಹಾಕಲು ಆಗುತ್ತದೆ, ಓಡುತ್ತದೆ ಕೂಡ. ಒಂದು ಕಾಲಕ್ಕೆ ಅದರ ದಾರಿಯನ್ನು ಕಂಪನಿಯೇ ತನ್ನ ಪುಟದಲ್ಲಿ ಬರೆದಿತ್ತು, ಆಮೇಲೆ ತೆಗೆದುಹಾಕಿತು. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಇಷ್ಟೆಲ್ಲ ಪಾಡು. ಕಲಿಯುವ ಹುಡುಗರು ಮಾಡಿ ನೋಡಲಿ. ಊರಿನ ದಾಖಲೆ ಇಟ್ಟುಕೊಂಡ ಅಂಗಡಿಗೆ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ.

ಇನ್ನೊಂದು ದಾರಿ ಲಿನಕ್ಸ್. ಬ್ರೌಸರ್, ಪತ್ರ, ಲೆಕ್ಕದ ಹಾಳೆ ಇಷ್ಟೇ ಬೇಕಾದವರಿಗೆ ಲಿನಕ್ಸ್ ಮಿಂಟ್ ಹಾಕಿದರೆ ಐ5-7400 ಇನ್ನೂ ಹಲವು ವರ್ಷ ಗಟ್ಟಿಯಾಗಿ ದುಡಿಯುತ್ತದೆ. ನುಡಿಯ ಕೀಲಿ ವಿನ್ಯಾಸದಲ್ಲಿ ಯುನಿಕೋಡ್ ಕನ್ನಡವೂ ಟೈಪ್ ಆಗುತ್ತದೆ. ಅಕ್ಕನ ಕಷ್ಟ ಬೇರೆ. ಅವರ ಲಗ್ನಪತ್ರಿಕೆಗಳೆಲ್ಲ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಫಾಂಟಿನಲ್ಲಿ ಕೂತಿವೆ. ಯುನಿಕೋಡ್ ಅಲ್ಲದ ಆ ಫೈಲುಗಳನ್ನು ಪರಿವರ್ತಿಸದೆ ಲಿನಕ್ಸಿಗೆ ಒಯ್ದು ಪ್ರಯೋಜನವಿಲ್ಲ. ನಮ್ಮ ರಾಜ್ಯದಲ್ಲಿ ಇಂಥ ಡಿಟಿಪಿ ಅಂಗಡಿಗಳು ಊರೂರಲ್ಲಿವೆ. ಹಾರ್ಡ್‌ವೇರಿನ ಪಟ್ಟಿ ಮಾಡುವವರ ಕಣ್ಣಿಗೆ ಇವರು ಬೀಳುವುದೇ ಇಲ್ಲ. ಹಳೆಯ ಪ್ರಿಂಟರ್, ಹಳೆಯ ಸ್ಕ್ಯಾನರ್, ಹಳೆಯ ಫಾಂಟು, ಎಲ್ಲವೂ ಒಂದಕ್ಕೊಂದು ತಗುಲಿಕೊಂಡಿರುತ್ತವೆ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಇಷ್ಟು ದಿನ 32 ಬಿಟ್ ಹತ್ತರಲ್ಲಿ ನಡೆಸುತ್ತಿದ್ದವರ ಹಳೆಯ ಪ್ರಿಂಟರಿಗೆ 64 ಬಿಟ್ ಡ್ರೈವರ್ ಸಿಗದಿದ್ದರೆ ಅದೂ ಮೂಲೆ ಸೇರುತ್ತದೆ.

ಮಾರುಕಟ್ಟೆ ಸಮೀಕ್ಷೆ ನಡೆಸುವ ಕೆನಲಿಸ್ ಸಂಸ್ಥೆ 2023ರ ಕೊನೆಯಲ್ಲಿ ಒಂದು ಅಂದಾಜು ಕೊಟ್ಟಿತ್ತು. ವಿಂಡೋಸ್ 10ರ ಬೆಂಬಲ ಮುಗಿಯುವುದರಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಪಿಸಿಗಳು ಕಸದ ರಾಶಿ ಸೇರಬಹುದು ಎಂದು. ಅದನ್ನು ಓದಿದಾಗ ನನ್ನ ಕಣ್ಣೆದುರು ಬಂದದ್ದು ಅಕ್ಕನ ಅಂಗಡಿಯ ಆ ಡೆಸ್ಕ್‌ಟಾಪು. ಬೆಳಿಗ್ಗೆ ಒಂಬತ್ತಕ್ಕೆ ಆನ್ ಆದರೆ ಸಂಜೆಯವರೆಗೆ ಒಂದು ಸಲವೂ ತಕರಾರು ಮಾಡದ ಯಂತ್ರ. ಅದನ್ನು ಗುಜರಿಗೆ ಹಾಕಿ ಎಂದವನ ಮೇಲೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ. ಇಸವಿ ನೋಡಿ ಯಂತ್ರವನ್ನು ಹೊರಗಿಡುವ ಕಂಪನಿ, ಮಾರುವ ದಿನವೇ ಪೆಟ್ಟಿಗೆಯ ಮೇಲೆ "ಇದಕ್ಕೆ ಇಂಥ ವರ್ಷದವರೆಗೆ ಅಪ್‌ಡೇಟ್ ಕೊಡುತ್ತೇವೆ" ಎಂದು ಅಚ್ಚು ಹಾಕಲಿ. ಔಷಧಿಯ ಸ್ಟ್ರಿಪ್ಪಿನ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ತಾರೀಕು ಇರುವಾಗ, ಅಷ್ಟು ದುಡ್ಡು ತೆರುವ ಕಂಪ್ಯೂಟರಿನ ಮೇಲೆ ಏಕಿರಬಾರದು?

"ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಹೇಗೆ? ಒಬ್ಬ ಐ7 ಇದೆ, ಕಮ್ಮಿಗೆ ಕೊಡ್ತೀನಿ ಅಂತಾನೆ."

ಐ7 ಎಂಬ ಹೆಸರಿಗೆ ದುಡ್ಡು ಕೊಡಬೇಡಿ, ಅಡ್ಡಗೆರೆಯ ಮುಂದಿನ ನಂಬರ್ ಕೇಳಿ ಎಂದೆ. ಐ7-3770 ಎಂದರೆ ಮೂರನೇ ತಲೆಮಾರು, ನಿಮ್ಮ ಅಂಗಡಿಯದಕ್ಕಿಂತ ನಾಲ್ಕು ಹೆಜ್ಜೆ ಹಿಂದೆ. ಎಂಟು ಅಥವಾ ಅದರ ಮೇಲಿನದಾದರೆ, ಅದು ಐ3 ಆಗಿದ್ದರೂ ಪರವಾಗಿಲ್ಲ, ಅಂಗಡಿಯಲ್ಲೇ ಆನ್ ಮಾಡಿಸಿ ಹೆಲ್ತ್ ಚೆಕ್ ಓಡಿಸಿ ನೋಡಿ, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದೆಯೇ ಕೇಳಿ. ಬಿಲ್ಲಿನಲ್ಲಿ ಪೂರ್ತಿ ನಂಬರ್ ಬರೆಸಿಕೊಳ್ಳಿ. ಅವನು ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. 2026ರ ಅಕ್ಟೋಬರಿನವರೆಗೆ ಇಎಸ್‌ಯು, ಅಷ್ಟರೊಳಗೆ ಹಳೆಯ ಲಗ್ನಪತ್ರಿಕೆಗಳಲ್ಲಿ ಮತ್ತೆ ಬೇಕಾಗುವಂಥವನ್ನು ಯುನಿಕೋಡಿಗೆ ಬದಲಿಸಿಕೊಳ್ಳುವುದು, ದೀಪಾವಳಿಯ ಹೊತ್ತಿಗೆ ಎಂಟನೇ ತಲೆಮಾರಿನ ಮೇಲಿನದೊಂದು ನೋಡುವುದು, ಈಗಿನದಕ್ಕೆ ಲಿನಕ್ಸ್ ಹಾಕಿ ಬ್ರೌಸಿಂಗಿಗೆ ಉಳಿಸಿಕೊಳ್ಳುವುದು. ರ್‍ಯಾಮಿನ ದುಡ್ಡು ಉಳಿಯಿತಲ್ಲ, ಅದನ್ನು ಮಗಳ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೆ ಹಾಕುತ್ತೇನೆ ಎಂದರು. ಹಾಗೇ ಮಾಡಿ, ಆದರೆ ಡಿಸ್ಕ್ ಬಿಚ್ಚುವ ಮೊದಲು ಅವಳ ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಲು ಹೇಳಿ ಎಂದೆ.